ಮಾತು ಕನ್ನಡದಲ್ಲಿ, ಷರತ್ತು ಇರುವೆ ಅಕ್ಷರದಲ್ಲಿ

ತೆಲಂಗಾಣದ ಗಡಿಯ ಉಟ್ಕೂರಿನ ನಮ್ಮ ದೊಡ್ಡವ್ವ ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಟಿ.ವಿ. ಹಚ್ಚುತ್ತಾಳೆ. ಸಂತೆಗೆ, ಬ್ಯಾಂಕಿಗೆ, ಮಂಡಲ ಆಫೀಸಿಗೆ ತೆಲುಗು, ಮನೆಯೊಳಗೆ ಕನ್ನಡ. ಹಾಗಾಗಿ ಧಾರಾವಾಹಿಯೂ ಕನ್ನಡದ್ದೇ ಆಗಬೇಕು. ಕಳೆದ ಸಲ ನಾನು ಹೋದಾಗ ಧಾರಾವಾಹಿಯ ನಡುವೆ ಮೊಣಕಾಲು ನೋವಿನ ಎಣ್ಣೆಯೊಂದರ ಜಾಹೀರಾತು ಬಂತು. ಕೋಲೂರಿ ಕುಂಟುತ್ತಿದ್ದ ಅಜ್ಜಿ ಎಣ್ಣೆ ಸವರಿಕೊಂಡಳು, ಕೋಲು ಬಿಸಾಕಿದಳು, ಮೆಟ್ಟಿಲು ಹತ್ತಿದಳು. ದೊಡ್ಡವ್ವ ಆಗಲೇ ಆ ಎಣ್ಣೆಯ ಎರಡು ಸೀಸೆ ತರಿಸಿ ಹಚ್ಚಿ ಮುಗಿಸಿದ್ದಳು. ನೋವು ಇದ್ದ ಜಾಗದಲ್ಲೇ ಇತ್ತು.

‘ತಮ್ಮಾ, ಆ ಕೆಳಗ ಇರುವಿ ಸಾಲ ಹರದಂಗ ಹರೀತಾವಲ್ಲ, ಅವು ಅಕ್ಷರ ಏನು?’ ಎಂದು ಕೇಳಿದಳು.

ಜಾಹೀರಾತು ಮತ್ತೆ ಬಂದಾಗ ಮೊಬೈಲಿನಲ್ಲಿ ಫೋಟೊ ಹೊಡೆದು ದೊಡ್ಡದು ಮಾಡಿ ನೋಡಿದೆ. ಅಕ್ಷರಗಳೇ, ಇಂಗ್ಲಿಷಿನವು. ಫಲ ಒಬ್ಬೊಬ್ಬರಿಗೆ ಒಂದೊಂದು ರೀತಿ ಇರಬಹುದು, ದೃಶ್ಯಗಳು ಕಲ್ಪಿತ, ಇದು ವೈದ್ಯರ ಚಿಕಿತ್ಸೆಗೆ ಬದಲಿಯಲ್ಲ ಎಂದಿತ್ತು. ಕನ್ನಡದಲ್ಲಿ ಬಿಡಿಸಿ ಹೇಳಿದೆ. ದೊಡ್ಡವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮ್ಯಾಲ ಗುಣ ಆಗ್ತದ ಅಂತಾರ, ಕೆಳಗ ಆಗ್ತದಂತ ಹೇಳಕ್ಕ ಬರಲ್ಲ ಅಂತ ಬರೀತಾರ. ಹಂಗಾರ ಖರೆ ಯಾವ್ದು?’ ಎಂದಳು.

ಶಾಲೆ ಕಲಿಯದ ಆಕೆ ಕೇಳಿದ ಈ ಪ್ರಶ್ನೆಯನ್ನೇ ದೇಶದ ಕಾನೂನು ಕೂಡ ಕೇಳುತ್ತಿದೆ.

ಓದಲಾಗದ ಕಾಗದದ ಹಳೆಯ ಕಥೆ

ನಾರಾಯಣಪೇಟೆ, ಮಕ್ತಲ್, ಕೃಷ್ಣಾ ಕಡೆಯ ಕನ್ನಡ ಮನೆಗಳಿಗೆ ಇದು ಹೊಸ ಅನುಭವವಲ್ಲ. ನಿಜಾಮರ ಕಾಲದಲ್ಲಿ ಸರ್ಕಾರಿ ಭಾಷೆ ಉರ್ದು. ಕನ್ನಡ, ತೆಲುಗು ಆಡುವ ರೈತ ತನಗೆ ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕಿತ್ತು. 1956ರಲ್ಲಿ ಹೈದರಾಬಾದ್ ರಾಜ್ಯ ಹಂಚಿಹೋದಾಗ ರಾಯಚೂರು ಮೈಸೂರಿಗೆ ಸೇರಿತು, ಮಹಬೂಬ್‌ನಗರ ಆಂಧ್ರಕ್ಕೆ ಹೋಯಿತು. 2019ರಲ್ಲಿ ನಾರಾಯಣಪೇಟೆಯೇ ಜಿಲ್ಲೆಯಾಯಿತು. ಆಡಳಿತದ ಭಾಷೆ ಬದಲಾಗುತ್ತಾ ಬಂತು. ಬಾಯಿಮಾತು ಒಂದು, ಕಾಗದದ ಮಾತು ಇನ್ನೊಂದು ಆದಾಗ ನಷ್ಟ ಯಾರಿಗೆ ಎಂಬುದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಟಿ.ವಿ. ಜಾಹೀರಾತು ಈಗ ಅದನ್ನೇ ಮಾಡುತ್ತಿದೆ. ಭರವಸೆ ನಮ್ಮ ಭಾಷೆಯಲ್ಲಿ, ದೊಡ್ಡ ದನಿಯಲ್ಲಿ, ಹಾಡಿನ ಜೊತೆ ಬರುತ್ತದೆ. ಷರತ್ತು ಬೇರೆ ಭಾಷೆಯಲ್ಲಿ, ಸದ್ದಿಲ್ಲದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹರಿದುಹೋಗುತ್ತದೆ.

ಕಾನೂನು ಏನೆನ್ನುತ್ತದೆ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಪ್ಪು ದಾರಿಗೆಳೆಯುವ ಜಾಹೀರಾತು ಎಂದರೆ ಏನೆಂದು ವಿವರಿಸುತ್ತದೆ. ವಸ್ತುವಿನ ಬಗ್ಗೆ ಸುಳ್ಳು ವರ್ಣನೆ ಮಾಡುವುದು, ಸುಳ್ಳು ಗ್ಯಾರಂಟಿ ಕೊಡುವುದು ಮಾತ್ರವಲ್ಲ, ಮುಖ್ಯ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದೂ ಅದರೊಳಗೆ ಬರುತ್ತದೆ. ಇಂಥ ಜಾಹೀರಾತನ್ನು ನಿಲ್ಲಿಸಲು, ದಂಡ ಹಾಕಲು 2020ರ ಜುಲೈ 24ರಿಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೆ. ಮೊದಲ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಅದಕ್ಕಿದೆ.

ಪ್ರಾಧಿಕಾರ 2022ರ ಜೂನ್ 9ರಂದು ಮಾರ್ಗಸೂಚಿ ಹೊರಡಿಸಿತು. ಗಡಿನಾಡಿನವರು ಗಂಟು ಕಟ್ಟಿ ಇಟ್ಟುಕೊಳ್ಳಬೇಕಾದ ಮಾತು ಅದರಲ್ಲಿದೆ. ಜಾಹೀರಾತಿನ ಭರವಸೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಅಕ್ಷರದ ರೂಪವೂ ಅದೇ ಆಗಿರಬೇಕು. ಸಾಮಾನ್ಯ ದೃಷ್ಟಿಯ ಮನುಷ್ಯ ಸರಿಯಾದ ದೂರದಲ್ಲಿ ಕೂತು, ಸರಿಯಾದ ವೇಗದಲ್ಲಿ ಓದಿದರೆ ಅದು ಕಾಣಬೇಕು. ಭರವಸೆಯನ್ನು ಬಾಯಲ್ಲಿ ಹೇಳಿದ್ದರೆ ಷರತ್ತು ಅದೇ ಹೊತ್ತಿಗೆ ತೆರೆಯ ಮೇಲೆ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಳಗಿನ ಷರತ್ತು ಮೇಲಿನ ಭರವಸೆಯನ್ನು ವಿವರಿಸಬಹುದೇ ಹೊರತು ಅದಕ್ಕೆ ಎದುರು ನುಡಿಯುವಂತಿಲ್ಲ. ದೊಡ್ಡವ್ವ ಕೇಳಿದ್ದು ಇದನ್ನೇ.

ಮೊಣಕಾಲು ಪಟ್ಟಿ, ತಾಯಿತ, ಎತ್ತರದ ಪುಡಿ

ಟಿ.ವಿ.ಯಲ್ಲೇ ತೋರಿಸಿ ಫೋನಿನಲ್ಲೇ ಮಾರುವ ವ್ಯಾಪಾರವನ್ನು ನೋಡಿ. ಗಡಿಯಾರ ಹಿಂದಕ್ಕೆ ಓಡುತ್ತದೆ, ಇನ್ನು ಕೆಲವೇ ಉಳಿದಿವೆ ಎಂದು ನಿರೂಪಕಿ ಅವಸರಪಡಿಸುತ್ತಾಳೆ. 2022ರ ಫೆಬ್ರುವರಿಯಲ್ಲಿ ನಾಪ್‌ಟಾಲ್ ಕಂಪನಿಗೆ ಪ್ರಾಧಿಕಾರ 10 ಲಕ್ಷ ರೂಪಾಯಿ ದಂಡ ಹಾಕಿತು. ಎರಡು ಜೊತೆ ಚಿನ್ನದ ಆಭರಣ ಎಂಬ ಹೆಸರಿನ ಸರಕು, ಅಯಸ್ಕಾಂತದ ಮೊಣಕಾಲು ಪಟ್ಟಿ, ಆಕ್ಯುಪ್ರೆಷರ್ ಯೋಗ ಚಪ್ಪಲಿ, ಈ ಮೂರರ ಜಾಹೀರಾತು ಅದಕ್ಕೆ ಕಾರಣ. ಕಾರ್ಯಕ್ರಮ ಮೊದಲೇ ಚಿತ್ರೀಕರಿಸಿದ್ದು, ಇರುವ ದಾಸ್ತಾನು ಎಷ್ಟೆಂದು ಅದು ತೋರಿಸುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕೆಂದೂ ಆದೇಶಿಸಿತು. ‘ಇನ್ನು ಐದೇ ನಿಮಿಷ’ ಎಂಬ ಮಾತು ಎಂದೋ ಚಿತ್ರೀಕರಿಸಿದ್ದಾಗಿದ್ದರೆ, ಆ ಐದು ನಿಮಿಷ ಮುಗಿಯುವುದೇ ಇಲ್ಲ. ಅವಸರಪಡಿಸಿದವರ ಬಳಿ ಅವತ್ತೇ ಕೊಳ್ಳಬೇಡಿ.

ಕಾಯಿಲೆಯ ವಿಷಯಕ್ಕೆ ಇನ್ನೂ ಹಳೆಯ ಕಾಯ್ದೆ ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ 54 ಕಾಯಿಲೆ, ದೇಹಸ್ಥಿತಿಗಳಿವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್, ಹೃದ್ರೋಗ, ಮೂತ್ರಪಿಂಡದ ಕಲ್ಲು, ಪಾರ್ಶ್ವವಾಯು, ತೊನ್ನು, ಬೊಜ್ಜು, ಸಂಧಿವಾತ, ಬಂಜೆತನ, ಮನುಷ್ಯನ ಎತ್ತರ ಕೂಡ ಅದರಲ್ಲಿವೆ. ಇವನ್ನು ಗುಣಪಡಿಸುತ್ತೇವೆ, ತಡೆಯುತ್ತೇವೆ ಎಂದು ಜನರಿಗೆ ಔಷಧದ ಜಾಹೀರಾತು ಕೊಡುವುದೇ ಅಪರಾಧ. ಔಷಧ ಅಲೋಪಥಿಯದೋ ಆಯುರ್ವೇದದ್ದೋ ಎಂಬ ಭೇದವಿಲ್ಲ. ಮಂತ್ರ, ತಾಯಿತ, ಕವಚದಿಂದ ಕಾಯಿಲೆ ವಾಸಿ ಎನ್ನುವ ಜಾಹೀರಾತಿಗೂ ಇದೇ ಕಾಯ್ದೆ ಅಡ್ಡ ನಿಲ್ಲುತ್ತದೆ. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ದೇವರ ಹೆಸರಿನ ಯಂತ್ರಗಳಿಗೆ ಪವಾಡಶಕ್ತಿ ಇದೆ ಎಂದು ಟಿ.ವಿ.ಯಲ್ಲಿ ಮಾರುವುದು ಕಾನೂನುಬಾಹಿರ ಎಂದು ತೀರ್ಪಿತ್ತಿತು. ದೇವರ ಮೇಲಿನ ಭಕ್ತಿ ನಮ್ಮದು. ಅದನ್ನು ಕೊರಿಯರ್ ಡಬ್ಬಿಯಲ್ಲಿ ಹಾಕಿ ನಮಗೇ ಮಾರುವ ಹಕ್ಕು ಯಾರಿಗೂ ಇಲ್ಲ.

ಮಕ್ಕಳ ಹಾಲಿಗೆ ಬೆರೆಸುವ ಪುಡಿಯ ಕಥೆಯೊಂದು ಗಡಿಯವರಿಗೆ ಬೇಗ ಅರ್ಥವಾಗುತ್ತದೆ. ಮಕ್ಕಳು ಹೆಚ್ಚು ಎತ್ತರ, ಹೆಚ್ಚು ಗಟ್ಟಿ, ಹೆಚ್ಚು ಚುರುಕಾಗುತ್ತಾರೆ ಎಂಬ ಹಾರ್ಲಿಕ್ಸ್ ಜಾಹೀರಾತು 2008ರಲ್ಲಿ ಬ್ರಿಟನ್ನಿನಲ್ಲಿ ನೇಪಾಳಿ ಚಾನೆಲೊಂದರ ಮೂಲಕ ಪ್ರಸಾರವಾಯಿತು. ಅಲ್ಲಿನ ಜಾಹೀರಾತು ಮಾನದಂಡ ಸಂಸ್ಥೆ ಆಧಾರ ಸಾಲದೆಂದು ಅದನ್ನು ತಡೆಯಿತು. ಇದು ಬಾಂಗ್ಲಾದೇಶಕ್ಕೆಂದು ಮಾಡಿದ್ದು, ಇಲ್ಲಿಗಲ್ಲ ಎಂದಿತು ಕಂಪನಿ. ಲಂಡನ್ನಿನ ತಾಯಿಗೆ ಹೇಳಲಾಗದ್ದನ್ನು ಢಾಕಾದ ತಾಯಿಗೆ ಹೇಳಬಹುದು ಎಂದಂತಾಯಿತು. ನಮ್ಮಲ್ಲಿಯೂ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಸೂಚಿಸಿತು. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹಾಗೊಂದು ವರ್ಗವೇ ಇಲ್ಲ.

ತಾಯಿ ಕಾಯಿಸಿದ ಎಣ್ಣೆ

ನಟ ಹೇಳಿದ, ಬಿಳಿ ಕೋಟು ತೊಟ್ಟವರು ಹೇಳಿದರು ಎಂದು ನಂಬುವವರು ಕೇರಳದ ತ್ರಿಶ್ಶೂರಿನ ಪ್ರಕರಣವನ್ನು ಕೇಳಬೇಕು. 2012ರಲ್ಲಿ ಒಬ್ಬರು 376 ರೂಪಾಯಿ ಕೊಟ್ಟು ಧಾತ್ರಿ ಕಂಪನಿಯ ಕೂದಲಿನ ಕ್ರೀಮ್ ಕೊಂಡರು. ಆರು ವಾರದಲ್ಲಿ ಕೂದಲು ಬೆಳೆಯುತ್ತದೆ ಎಂದು ನಟ ಅನೂಪ್ ಮೆನನ್ ಜಾಹೀರಾತಿನಲ್ಲಿ ಹೇಳಿದ್ದರು. ಕೂದಲು ಬೆಳೆಯಲಿಲ್ಲ. ಗ್ರಾಹಕ ನ್ಯಾಯಾಲಯದ ವಿಚಾರಣೆಯಲ್ಲಿ ನಟ, ತಾನು ಆ ಕ್ರೀಮ್ ಬಳಸಿಯೇ ಇಲ್ಲ, ತಾಯಿ ಕಾಯಿಸಿಕೊಡುವ ಎಣ್ಣೆಯನ್ನಷ್ಟೇ ಹಚ್ಚುವುದು ಎಂದು ಒಪ್ಪಿಕೊಂಡರು. ಕಂಪನಿಗೂ ನಟನಿಗೂ ತಲಾ 10,000 ರೂಪಾಯಿ ಕಟ್ಟಲು ಆದೇಶವಾಯಿತು. ಇಂದಿನ ಕಾಯ್ದೆ ಇನ್ನೂ ಬಿಗಿ. ವಿಚಾರಿಸದೆ ಶಿಫಾರಸು ಮಾಡಿದವರಿಗೆ ದಂಡದ ಜೊತೆಗೆ, ಮೊದಲ ಸಲ ಒಂದು ವರ್ಷ, ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಜಾಹೀರಾತಿನಿಂದಲೇ ನಿಷೇಧ ಹೇರಬಹುದು.

ಜಾಹೀರಾತಿನ ಎಲ್ಲ ಬಣ್ಣದ ಮಾತೂ ಅಪರಾಧವಲ್ಲ. ‘ಅಮೃತದಂಥ ರುಚಿ’ ಎಂದರೆ ಅದು ಹೊಗಳಿಕೆ, ಕೇಳಿ ಬಿಡಬಹುದು. ಆದರೆ ‘ನಂ. 1’, ‘99.9%’, ‘ವೈದ್ಯರ ಶಿಫಾರಸು’, ‘ಆರು ವಾರದಲ್ಲಿ’ ಎಂದರೆ ಅಳೆದು ತೋರಿಸಬೇಕಾದ ಮಾತು. ಜಗತ್ತಿನ ದಂತವೈದ್ಯರ ಶಿಫಾರಸು, ಜಗತ್ತಿನ ನಂ. 1 ಎಂದ ಸೆನ್ಸೊಡೈನ್ ಟೂತ್‌ಪೇಸ್ಟಿಗೆ 2022ರಲ್ಲಿ 10 ಲಕ್ಷ ದಂಡ ಬಿದ್ದಿದೆ. ‘100% ಹಣ್ಣಿನ ರಸ’ ಎಂಬ ಮಾತನ್ನು ಡಬ್ಬಿಯಿಂದಲೂ ಜಾಹೀರಾತಿನಿಂದಲೂ ತೆಗೆಯಲು ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಆದೇಶಿಸಿದೆ. ಸಂಖ್ಯೆ ಕಂಡಲ್ಲಿ ‘ಯಾರು ಅಳೆದರು, ಎಲ್ಲಿ, ಎಷ್ಟು ಮಂದಿಯ ಮೇಲೆ?’ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು.

ಕ್ಷಮೆಯ ಅಳತೆ

ಸಣ್ಣ ಅಕ್ಷರದ ಮಾತು ದೇಶದ ಅತಿ ದೊಡ್ಡ ನ್ಯಾಯಾಲಯದಲ್ಲೂ ಬಂದಿದೆ. ಕಾಯಿಲೆ ವಾಸಿಮಾಡುತ್ತೇವೆ ಎನ್ನುವ ಜಾಹೀರಾತುಗಳ ವಿರುದ್ಧ ಭಾರತೀಯ ವೈದ್ಯಕೀಯ ಸಂಘ 2022ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಇಂಥ ಜಾಹೀರಾತು ಕೊಡುವುದಿಲ್ಲ ಎಂದು ಮಾತು ಕೊಟ್ಟ ಮೇಲೂ ಮುಂದುವರಿಸಿದ್ದಕ್ಕೆ ಪತಂಜಲಿ ಕಂಪನಿಗೆ 2024ರ ಫೆಬ್ರುವರಿಯಲ್ಲಿ ನ್ಯಾಯಾಂಗ ನಿಂದನೆಯ ನೋಟಿಸ್ ಹೋಯಿತು. ಏಪ್ರಿಲ್‌ನಲ್ಲಿ ಕಂಪನಿ ಪತ್ರಿಕೆಗಳಲ್ಲಿ ಕ್ಷಮೆ ಪ್ರಕಟಿಸಿತು. ಆಗ ನ್ಯಾಯಮೂರ್ತಿಗಳು, ಈ ಕ್ಷಮೆ ನಿಮ್ಮ ಜಾಹೀರಾತಿನಷ್ಟೇ ದೊಡ್ಡದಾಗಿದೆಯೇ ಎಂದು ಕೇಳಿದರು. ಸೂಕ್ಷ್ಮದರ್ಶಕ ಹಿಡಿದು ಹುಡುಕುವಂತೆ ಇರಬಾರದು ಎಂದರು. ಮರುದಿನ ದೊಡ್ಡ ಅಳತೆಯ ಕ್ಷಮೆ ಅಚ್ಚಾಯಿತು. ಬಳಿಕ, ಅದೇ ವರ್ಷದ ಆಗಸ್ಟ್‌ನಲ್ಲಿ, ನಿಂದನೆಯ ಪ್ರಕರಣ ಮುಗಿಯಿತು. ಆದರೆ ನ್ಯಾಯಾಲಯ ಕೇಳಿದ ಪ್ರಶ್ನೆ ಮುಗಿಯಬಾರದು. ಹೊಗಳಿಕೊಂಡ ದನಿಯಲ್ಲೇ ಷರತ್ತನ್ನೂ ಹೇಳಬೇಕು.

ನಮ್ಮ ಜಿಲ್ಲೆಯವರೇ ಗೆದ್ದಿದ್ದಾರೆ

ದೊಡ್ಡ ಕಂಪನಿಯ ಎದುರು ಹಳ್ಳಿಯವರು ಏನು ಮಾಡಿಯಾರು ಎನ್ನುವವರಿಗೆ ನಮ್ಮ ನೆಲದ್ದೇ ಉತ್ತರವಿದೆ. ಕಳಪೆ ಬೀಜದಿಂದ ಬೆಳೆ ಕೈಕೊಟ್ಟಿತೆಂದು ಕರ್ನೂಲು, ಗುಂಟೂರು ಮುಂತಾದೆಡೆಯ ರೈತರ ಜೊತೆ ಅಂದಿನ ಮಹಬೂಬ್‌ನಗರ ಜಿಲ್ಲೆಯ ರೈತರೂ ಗ್ರಾಹಕ ವೇದಿಕೆಗೆ ಹೋದರು. ಉಟ್ಕೂರು ಆಗ ಅದೇ ಜಿಲ್ಲೆಯಲ್ಲಿತ್ತು. ರಾಷ್ಟ್ರೀಯ ಬೀಜ ನಿಗಮ ಸುಪ್ರೀಂ ಕೋರ್ಟಿನವರೆಗೂ ವಾದಿಸಿತು: ರೈತ ಗ್ರಾಹಕನಲ್ಲ, ಬೀಜವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಲ್ಲ ಎಂದು. 2012ರ ಜನವರಿ 16ರ ತೀರ್ಪು ರೈತರ ಕಡೆಗಾಯಿತು. ಬೀಜ ಕೊಂಡ ರೈತ ಗ್ರಾಹಕನೇ. ತಂದ ಬೀಜವನ್ನೆಲ್ಲ ಬಿತ್ತುವವನು ಮುಂದೆ ವ್ಯಾಜ್ಯ ಬಂದೀತೆಂದು ಒಂದು ಹಿಡಿ ತೆಗೆದಿಡಲಿ ಎಂದು ಅಪೇಕ್ಷಿಸಲಾಗದು ಎಂದಿತು ನ್ಯಾಯಾಲಯ. ಕಳೆ ಕಿತ್ತ ಕೈಗಳೇ ಇಡೀ ದೇಶದ ರೈತರಿಗೆ ಈ ತೀರ್ಪು ತಂದುಕೊಟ್ಟವು.

ಹಾಗಾದರೆ ಏನು ಮಾಡಬೇಕು? ಜಾಹೀರಾತು ಮತ್ತೆ ಬಂದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ. ಚಾನೆಲ್, ತಾರೀಖು, ಹೊತ್ತು ಬರೆದಿಡಿ. ಬಿಲ್ಲು, ಡಬ್ಬಿ, ಕೊರಿಯರ್ ಚೀಟಿ ಎಸೆಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ; ಅಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ಜಾಹೀರಾತಿನದ್ದೇ ದೂರಾದರೆ ಜಾಹೀರಾತು ಮಾನದಂಡ ಮಂಡಳಿ ಆಸ್ಕಿಯ ವಾಟ್ಸ್ಆ್ಯಪ್ ಸಂಖ್ಯೆ 77100 12345. ತೆಲಂಗಾಣದಲ್ಲಿ ಔಷಧದ ಮೇಲೆ ಇಂಥ ಸುಳ್ಳು ಬರೆದಿದ್ದರೆ ರಾಜ್ಯದ ಔಷಧ ನಿಯಂತ್ರಣ ಆಡಳಿತ ದಾಸ್ತಾನನ್ನೇ ವಶಪಡಿಸಿಕೊಳ್ಳುತ್ತದೆ. ಅದರ ಉಚಿತ ಸಂಖ್ಯೆ 1800-599-6969.

ಹಣ ವಾಪಸ್ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗೆ ಕೊಟ್ಟು ಕೊಂಡ ವಸ್ತುವಿಗೆ ಶುಲ್ಕವಿಲ್ಲ, ವಕೀಲರು ಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಗಡಿಯವರಿಗೆ ದೊಡ್ಡ ಅನುಕೂಲವೆಂದರೆ, ವಸ್ತುವನ್ನು ರಾಯಚೂರಿನಲ್ಲಿ ಕೊಂಡಿರಲಿ, ಮುಂಬೈಯಿಂದ ತರಿಸಿರಲಿ, ನೀವು ವಾಸಿಸುವ ಸ್ಥಳದ ವ್ಯಾಪ್ತಿಯ ಆಯೋಗದಲ್ಲೇ ದೂರು ಕೊಡಬಹುದು.

ಕನ್ನಡ ಚಾನೆಲ್‌ಗಳಿಗೂ ಒಂದು ಮಾತು. ನಿಮ್ಮ ತೆರೆಯನ್ನು ಗಡಿಯಾಚೆಯ ಮನೆಗಳು ತವರಿನ ಕಿಟಕಿಯಂತೆ ನೋಡುತ್ತವೆ. ಅಲ್ಲಿ ಬಂದದ್ದು ನಮ್ಮವರ ಮಾತು ಎಂದು ನಂಬುತ್ತವೆ. ಆ ನಂಬಿಕೆಗೆ ಬೆಲೆ ಕೊಡಿ. ಷರತ್ತು ಕನ್ನಡದಲ್ಲಿ ಇಲ್ಲದ ಕನ್ನಡ ಜಾಹೀರಾತನ್ನು ಪ್ರಸಾರಕ್ಕೆ ತೆಗೆದುಕೊಳ್ಳಬೇಡಿ.

ಹೊರಡುವಾಗ ದೊಡ್ಡವ್ವ ಟ್ರಂಕು ತೆಗೆದಳು. ಹೊಲದ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಚೀಲದಲ್ಲಿ ಎಣ್ಣೆಯ ಬಿಲ್ಲನ್ನೂ ಮಡಿಸಿ ಇಟ್ಟಳು. ‘ಇದೂ ಕಾಗದನ ಅಲ್ಲನು, ತಮ್ಮಾ’ ಎಂದಳು.