ಸಾಯುವ ಜೀವಕಣದ ಗುರುತು

ಹಿರಿಯೂರು ತಾಲ್ಲೂಕಿನ ಆದಿವಾಲದ ಕಡೆ ಮಾಘ ಮಾಸದಲ್ಲಿ ಹೋದವರು ಬೇವು, ಹೊಂಗೆಗಳು ಎಲೆ ಉದುರಿಸುವುದನ್ನು ಕಂಡಿರಬಹುದು. ಅಂತಹ ಮರದಲ್ಲಿ ಗಾಳಿಗೆ ಮುರಿದು ಜೋತುಬಿದ್ದ ಕೊಂಬೆಯೊಂದಿದ್ದರೆ ಅದನ್ನೂ ಗಮನಿಸಬೇಕು. ಅದರ ಎಲೆಗಳು ಒಣಗಿ ಸುರುಟಿಕೊಂಡಿರುತ್ತವೆ. ಆದರೆ ಬೇಗನೆ ಉದುರುವುದಿಲ್ಲ. ಎಲೆ ಉದುರಿಸುವುದು ಜೀವಂತ ಮರದ ಕೆಲಸ. ತೊಟ್ಟಿನ ಬುಡದಲ್ಲಿ ಒಂದು ಪದರ ಏರ್ಪಟ್ಟು, ಅಲ್ಲಿನ ಬೆಸುಗೆ ಸಡಿಲವಾದ ಮೇಲೆಯೇ ಎಲೆ ಕಳಚುವುದು. ಮುರಿದ ಕೊಂಬೆಗೆ ಆ ಶಕ್ತಿ ಉಳಿದಿರುವುದಿಲ್ಲ.

ನಮ್ಮ ದೇಹದ ಜೀವಕಣಗಳಲ್ಲಿಯೂ ಇಂತಹ ಎರಡು ಬಗೆಯ ಸಾವುಂಟು. ಸುಟ್ಟ ಗಾಯದಲ್ಲಿ ಕಣವು ಊದಿಕೊಂಡು ಒಡೆಯುತ್ತದೆ; ಒಳಗಿನದೆಲ್ಲ ಹೊರಚೆಲ್ಲಿ ಸುತ್ತಲೂ ಉರಿಯೂತವುಂಟಾಗುತ್ತದೆ. ಇನ್ನೊಂದು ಬಗೆಯಲ್ಲಿ ಕಣವು ತಾನಾಗಿ ಕುಗ್ಗಿ, ಸಣ್ಣ ಸಣ್ಣ ಪೊಟ್ಟಣಗಳಾಗಿ ಬೇರ್ಪಟ್ಟು, ನೆರೆಯ ಕಣಗಳಿಗೆ ಆಹಾರವಾಗುತ್ತದೆ. ಗೊದಮೊಟ್ಟೆಯ ಬಾಲ ಕರಗುವುದು ಹೀಗೆ. ಗರ್ಭದಲ್ಲಿ ಶಿಶುವಿನ ಬೆರಳುಗಳು ಬಿಡಿಬಿಡಿಯಾಗುವುದೂ ಹೀಗೆಯೇ. 1972ರಲ್ಲಿ ಕೆರ್, ವೈಲೀ, ಕರೀ ಎಂಬ ಮೂವರು ವಿಜ್ಞಾನಿಗಳು ಇದನ್ನು ‘ಅಪೊಪ್ಟೋಸಿಸ್’ ಎಂದು ಕರೆದರು. ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದವದು. ಅದನ್ನು ಸೂಚಿಸಿದವರು ಒಬ್ಬ ಗ್ರೀಕ್ ಪ್ರಾಧ್ಯಾಪಕರು. ವಿಜ್ಞಾನಿಗಳು ಭಾಷಾಪಂಡಿತರ ಬಾಗಿಲನ್ನು ಆಗಾಗ ತಟ್ಟುವುದು ಒಳ್ಳೆಯದೇ ಸರಿ!

ಈ ಸಾವಿನಲ್ಲಿ ಕತ್ತರಿಯ ಕೆಲಸ ಮಾಡುವುದು ಕ್ಯಾಸ್ಪೇಸ್-3 ಎಂಬ ಸಸಾರಜನಕ. ಆರೋಗ್ಯವಂತ ಕಣದಲ್ಲಿಯೂ ಇದು ಇರುತ್ತದೆ. ಆದರೆ ಒರೆಯಲ್ಲಿಟ್ಟ ಕತ್ತಿಯಂತೆ ನಿಷ್ಕ್ರಿಯವಾಗಿರುತ್ತದೆ. ಆಗ ಇದರ ಅಣುತೂಕ ಸುಮಾರು 32 ಸಾವಿರ. ಸಾವಿನ ಆಜ್ಞೆ ಬಂದಾಗ ಇದರ ಸರಪಳಿಯು 175ನೆಯ ಅಮೈನೋ ಆಮ್ಲದ ಬಳಿ ತುಂಡಾಗಿ, ಸುಮಾರು 17 ಸಾವಿರ ಮತ್ತು 12 ಸಾವಿರ ತೂಕದ ಚೂರುಗಳು ದೊರೆಯುತ್ತವೆ. ಆದ್ದರಿಂದ ಕಣದಲ್ಲಿ ಕ್ಯಾಸ್ಪೇಸ್-3 ಇದೆಯೇ ಎಂದು ಕೇಳಿದರೆ ಪ್ರಯೋಜನವಿಲ್ಲ. ಅದು ತುಂಡಾಗಿದೆಯೇ ಎಂದು ಕೇಳಬೇಕು.

ಈ ಪ್ರಶ್ನೆಯನ್ನು ಕೇಳುವ ಸಾಧನವೇ ಪ್ರತಿಕಾಯ. ತುಂಡಾದಾಗ ಹೊಸದಾಗಿ ಹೊರಬೀಳುವ ತುದಿಯನ್ನು ಹೋಲುವ ಒಂದು ಪುಟ್ಟ ಸರಪಳಿಯನ್ನು ರಸಾಯನಶಾಲೆಯಲ್ಲಿ ಕಟ್ಟಿ, ದೊಡ್ಡ ಸಸಾರಜನಕವೊಂದಕ್ಕೆ ಜೋಡಿಸಿ, ಮೊಲಕ್ಕೆ ಚುಚ್ಚುತ್ತಾರೆ. ಮೊಲದ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳಲ್ಲಿ ಇಡಿಯ ಅಣುವಿಗೆ ಅಂಟುವುವನ್ನು ಬಿಟ್ಟು, ತುಂಡಿನ ತುದಿಗೆ ಅಂಟುವುವನ್ನು ಮಾತ್ರ ಆರಿಸಿಕೊಳ್ಳುತ್ತಾರೆ.

ಮುಂದಿನದು ಭೌತಶಾಸ್ತ್ರ ಬೋಧಿಸುವ ನಮಗೆ ಮೆಚ್ಚುಗೆಯ ಭಾಗ. ಕಣಗಳನ್ನು ಕರಗಿಸಿ, ಆ ರಸವನ್ನು ಲೋಳೆಯಂತಹ ಹಾಳೆಯ ಒಂದು ತುದಿಯಲ್ಲಿಟ್ಟು ವಿದ್ಯುತ್ತನ್ನು ಹರಿಸುತ್ತಾರೆ. ಚಿಕ್ಕ ಅಣುಗಳು ಜಾಲರಿಯಲ್ಲಿ ಸುಲಭವಾಗಿ ನುಸುಳಿ ದೂರ ಹೋಗುತ್ತವೆ, ದೊಡ್ಡವು ಹಿಂದುಳಿಯುತ್ತವೆ. ಇವನ್ನು ತೆಳುಪೊರೆಯ ಮೇಲೆ ಅಚ್ಚೊತ್ತಿಸಿ ಪ್ರತಿಕಾಯದಲ್ಲಿ ನೆನೆಸಿದರೆ ಅದು ತನ್ನ ಗುರಿಗೆ ಅಂಟುತ್ತದೆ. ಎರಡನೆಯ ಪ್ರತಿಕಾಯವೊಂದು ಮೊದಲಿನದನ್ನು ಹಿಡಿಯುತ್ತದೆ. ಅದು ಹೊತ್ತ ಕಿಣ್ವದಿಂದ ಬೆಳಕು ಹೊಮ್ಮಿ, 17 ಸಾವಿರದ ಮಟ್ಟದಲ್ಲಿ ಒಂದು ಗೆರೆ ಕಾಣುತ್ತದೆ. ಈ ವಿಧಾನದ ಹೆಸರು ವೆಸ್ಟರ್ನ್ ಬ್ಲಾಟ್. ಡಿ.ಎನ್.ಎ. ಗುರುತಿಸುವ ವಿಧಾನಕ್ಕೆ ಸದರ್ನ್ ಎಂಬ ವಿಜ್ಞಾನಿಯ ಹೆಸರಿದ್ದುದರಿಂದ, 1981ರಲ್ಲಿ ಬರ್ನೆಟ್ ಎಂಬವರು ವಿನೋದಕ್ಕಾಗಿ ಇದಕ್ಕೆ ಇನ್ನೊಂದು ದಿಕ್ಕಿನ ಹೆಸರಿಟ್ಟರು.

ಇಷ್ಟೆಲ್ಲ ಶ್ರಮವೇಕೆ? ಸಾಯಬೇಕಾದ ಕಣವು ಸಾಯದೆ ಉಳಿಯುವುದು ಕ್ಯಾನ್ಸರಿನ ಲಕ್ಷಣಗಳಲ್ಲೊಂದು. ಅನೇಕ ಗೆಡ್ಡೆಗಳಲ್ಲಿ ಬಿ.ಸಿ.ಎಲ್.-2 ಎಂಬ ಸಸಾರಜನಕ ಹೆಚ್ಚಾಗಿ ಶೇಖರವಾಗಿ ಸಾವನ್ನು ತಡೆಯುತ್ತದೆ. ಚಳ್ಳಕೆರೆಯ ಬಳಿಯೂ ಆವರಣವನ್ನು ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಬೆಂಗಳೂರಿನ ಪ್ರಯೋಗಾಲಯದಲ್ಲಿ ಸತೀಶ್ ರಾಘವನ್ ಮತ್ತು ಅವರ ಸಂಗಡಿಗರು ಈ ತಡೆಯನ್ನು ಮುರಿಯುವ ‘ಡಿಸಾರಿಬ್’ ಎಂಬ ಸಂಯುಕ್ತವನ್ನು ಕಂಡುಹಿಡಿದರು. ಬಿ.ಸಿ.ಎಲ್.-2 ಹೆಚ್ಚಾಗಿರುವ ಕಣಗಳನ್ನು ಇದು ಕೊಲ್ಲುತ್ತದೆ, ಕಡಿಮೆಯಿರುವ ಕಣಗಳನ್ನು ಅಷ್ಟಾಗಿ ಬಾಧಿಸುವುದಿಲ್ಲ ಎಂಬುದು ಅವರ ಶೋಧ. ಯಾವ ಕಣದಲ್ಲಿ ಹೆಚ್ಚು, ಯಾವುದರಲ್ಲಿ ಕಡಿಮೆ, ಸತ್ತ ಕಣ ಯಾವ ಬಗೆಯಲ್ಲಿ ಸತ್ತಿತು ಎಂಬ ಪ್ರಶ್ನೆಗಳಿಗೆ ಪ್ರಯೋಗಾಲಯಗಳು ಸಾಮಾನ್ಯವಾಗಿ ಉತ್ತರ ಹುಡುಕುವುದು ಪ್ರತಿಕಾಯಗಳಿಂದಲೇ.

ಆದರೆ ಪ್ರತಿಕಾಯವೂ ಸುಳ್ಳು ಹೇಳಬಲ್ಲದು. ಗುರಿಯನ್ನು ಹೋಲುವ ಬೇರೊಂದು ಅಣುವಿಗೆ ಅಂಟಿ, ಇಲ್ಲದ ಸಾವನ್ನು ಇದೆಯೆಂದು ತೋರಿಸಬಹುದು. ಇದನ್ನು ಪರೀಕ್ಷಿಸಲು ಒಂದು ಸೊಗಸಾದ ಉಪಾಯವುಂಟು. ಸ್ತನದ ಕ್ಯಾನ್ಸರಿನಿಂದ ಬಂದ ಎಂ.ಸಿ.ಎಫ್.-7 ಎಂಬ ಕಣವಂಶದಲ್ಲಿ ಕ್ಯಾಸ್ಪೇಸ್-3ರ ಜೀನು ಕೆಟ್ಟಿರುವುದರಿಂದ ಆ ಸಸಾರಜನಕವೇ ಇಲ್ಲ. ಈ ಕಣಗಳ ರಸವನ್ನೂ ಪಕ್ಕದ ಸಾಲಿನಲ್ಲಿ ಹರಿಸುತ್ತಾರೆ. ಅಲ್ಲಿಯೂ 17 ಸಾವಿರದ ಮಟ್ಟದಲ್ಲಿ ಗೆರೆ ಮೂಡಿದರೆ, ಆ ಪ್ರತಿಕಾಯದ ಸೀಸೆಯನ್ನು ಬದಿಗಿಟ್ಟು ಪ್ರಯೋಗವನ್ನು ಮೊದಲಿನಿಂದ ಮಾಡಬೇಕಾಗುತ್ತದೆ.