ಹಿಂಬಾಗಿಲು ಎಷ್ಟು ಭಾರ ತಡೆದೀತು?

ನಿಮ್ಮ ಊರಿನ ಸಿಮೆಂಟ್ ಅಂಗಡಿಯ ಮುಂದೆ ಬೆಳಗಿನ ಹೊತ್ತು ಐದು ನಿಮಿಷ ನಿಂತು ನೋಡಿ. ಪಿಕಪ್ ಗಾಡಿಯೊಂದು ರಿವರ್ಸ್ ಬಂದು ಅಂಗಡಿಯ ಕಟ್ಟೆಗೆ ಒತ್ತಿ ನಿಲ್ಲುತ್ತದೆ. ಕ್ಲೀನರ್ ಹುಡುಗ ಎರಡೂ ಬದಿಯ ಕೊಂಡಿ ಬಿಡಿಸಿ ಹಿಂಬಾಗಿಲನ್ನು ಕೈಬಿಡುತ್ತಾನೆ. ಅದು ಧಡ್ ಎಂದು ಬಿದ್ದು, ಎರಡು ಸರಪಳಿಗಳ ಆಸರೆಯಲ್ಲಿ ಅಡ್ಡ ಹಲಗೆಯಂತೆ ನಿಲ್ಲುತ್ತದೆ. ಹಮಾಲಿಯೊಬ್ಬ 50 ಕಿ.ಗ್ರಾಂ. ಚೀಲ ಹೊತ್ತು ಕಟ್ಟೆಯಿಂದ ಆ ಬಾಗಿಲಿನ ಅಂಚಿಗೆ ಕಾಲಿಟ್ಟು ಒಳಗೆ ಹೋಗುತ್ತಾನೆ. ಬಾಗಿಲು ಕಿರ್ ಎನ್ನುತ್ತದೆ, ತುಸು ತೂಗುತ್ತದೆ. ಏನೂ ಆಗುವುದಿಲ್ಲ. ಮಾರನೆಯ ದಿನವೂ ಏನೂ ಆಗುವುದಿಲ್ಲ. ಆದರೆ ಎಂದಾದರೊಂದು ದಿನ ಸರಪಳಿ ಕಿತ್ತರೆ ಕೆಳಗೆ ಬೀಳುವವನು ಗಾಡಿಯ ಮಾಲೀಕನಲ್ಲ, ಚೀಲ ಹೊತ್ತವನು.

ಈ ಭಯ ಇರುವ ಮಾಲೀಕರು ಸಾಮಾನ್ಯವಾಗಿ ಹೋಗುವುದು ವೆಲ್ಡಿಂಗ್ ಅಂಗಡಿಗೆ. ‘ಹಿಂಬಾಗಿಲಿಗೆ ಒಂದು ದಪ್ಪ ಪ್ಲೇಟು ಹೊಡೆದುಬಿಡಿ’ ಎನ್ನುತ್ತಾರೆ. ಪ್ಲೇಟು ಹೊಡೆಸಿದರೆ ಬಾಗಿಲು ನಿಜಕ್ಕೂ ಬಲವಾಗುತ್ತದೆಯೇ? ಉತ್ತರ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ. ಬನ್ನಿ, ಲೆಕ್ಕ ಮಾಡಿಯೇ ನೋಡೋಣ.

ಬಾಗಿಲಿನ ಎತ್ತರ 45 ಸೆಂ.ಮೀ. ಎಂದು ಇಟ್ಟುಕೊಳ್ಳಿ. ತೆರೆದಾಗ ಅದು ಕೀಲಿನಿಂದ ಹೊರಕ್ಕೆ 45 ಸೆಂ.ಮೀ. ಚಾಚಿ ನಿಲ್ಲುತ್ತದೆ. ಸರಪಳಿಯ ಒಂದು ತುದಿ ಬಾಗಿಲಿನ ಮೇಲೆ, ಕೀಲಿನಿಂದ 40 ಸೆಂ.ಮೀ. ದೂರದಲ್ಲಿದೆ. ಇನ್ನೊಂದು ತುದಿ ಗಾಡಿಯ ಕಂಬದಲ್ಲಿ, ಕೀಲಿನಿಂದ 40 ಸೆಂ.ಮೀ. ಮೇಲಿದೆ. ಅಂದರೆ ಸರಪಳಿ 45 ಡಿಗ್ರಿ ಓರೆಯಾಗಿದೆ. ಈಗ 60 ಕಿ.ಗ್ರಾಂ. ತೂಕದ ಮನುಷ್ಯ 50 ಕಿ.ಗ್ರಾಂ. ಚೀಲ ಹೊತ್ತು ಬಾಗಿಲಿನ ತುದಿಯಲ್ಲಿ, ಸರಿಯಾಗಿ ನಡುವೆ ನಿಂತಿದ್ದಾನೆ. ಒಟ್ಟು 110 ಕಿ.ಗ್ರಾಂ. ಎರಡು ಸರಪಳಿ ಇವೆಯಲ್ಲ, ತಲಾ 55 ಕಿ.ಗ್ರಾಂ. ಹೊತ್ತರೆ ಮುಗಿಯಿತು ಎಂದು ನಿಮಗೆ ಅನ್ನಿಸಬಹುದು. ತಪ್ಪು. ಭಾರ ಇರುವುದು 45 ಸೆಂ.ಮೀ. ದೂರದಲ್ಲಿ, ಸರಪಳಿ ಹಿಡಿದಿರುವುದು 40 ಸೆಂ.ಮೀ. ದೂರದಲ್ಲಿ. ಸನ್ನೆಕೋಲಿನ ನಿಯಮದಂತೆ ಪ್ರತಿ ಸರಪಳಿ ಮೇಲ್ಮುಖವಾಗಿ ಸುಮಾರು 62 ಕಿ.ಗ್ರಾಂ. ತೂಕದಷ್ಟು ಎಳೆಯಬೇಕು. ಸರಪಳಿ ಓರೆಯಾಗಿರುವುದರಿಂದ ಅದರೊಳಗಿನ ಎಳೆತ ಇನ್ನೂ ಹೆಚ್ಚು. 62ನ್ನು 45 ಡಿಗ್ರಿಯ ಸೈನ್‌ನಿಂದ, ಅಂದರೆ 0.707ರಿಂದ ಭಾಗಿಸಿ. ಸುಮಾರು 88 ಬರುತ್ತದೆ.

ಇದೇನೂ ಭಯಪಡುವ ಸಂಖ್ಯೆಯಲ್ಲ. ಆದರೆ ಹಮಾಲಿ ಯಾವಾಗಲೂ ನಡುವೆಯೇ ಕಾಲಿಡುತ್ತಾನೆಯೇ? ಮೂಲೆಗೆ ಕಾಲಿಟ್ಟರೆ ಹೆಚ್ಚುಕಡಿಮೆ ಪೂರ್ತಿ ಭಾರ ಆ ಬದಿಯ ಸರಪಳಿಯ ಮೇಲೆ ಬೀಳುತ್ತದೆ. ಎಳೆತ ಸುಮಾರು 175 ಕಿ.ಗ್ರಾಂ.ಗೆ ಏರುತ್ತದೆ. ಮೆಲ್ಲಗೆ ಕಾಲಿಡದೆ ಒಮ್ಮೆಲೇ ಪೂರ್ತಿ ತೂಕ ಬಿಟ್ಟರೆ? ಎತ್ತರದಿಂದ ಹಾರಬೇಕಾಗಿಯೂ ಇಲ್ಲ. ಭಾರವನ್ನು ಹಠಾತ್ತಾಗಿ ಬಿಟ್ಟರೆ ಸಾಕು, ಅದರ ಪರಿಣಾಮ ಎರಡರಷ್ಟಾಗುತ್ತದೆ. ಆಗ 350 ಕಿ.ಗ್ರಾಂ. ನಿಜವಾಗಿ ಹಾರಿದರೆ ಅದಕ್ಕೂ ಮಿಗಿಲು. ತೂಕದ ಯಂತ್ರದ ಮೇಲೆ 110 ತೋರಿಸುವ ಭಾರ, ಒಂದು ಸರಪಳಿಯ ಕೊಂಡಿಗೆ 350 ಆಗಿ ಕಾಣುತ್ತದೆ!

ಸರಪಳಿಯನ್ನು ಕಂಬದಲ್ಲಿ ಇನ್ನೂ ಕೆಳಗೆ, 23 ಸೆಂ.ಮೀ. ಎತ್ತರದಲ್ಲಿ ಸಿಕ್ಕಿಸಿದರೆ ಕೋನ ಸುಮಾರು 30 ಡಿಗ್ರಿಗೆ ಇಳಿಯುತ್ತದೆ. ಆಗ ಹಮಾಲಿ ನಡುವೆ ಸುಮ್ಮನೆ ನಿಂತರೂ ಪ್ರತಿ ಸರಪಳಿಯ ಎಳೆತ 88 ಅಲ್ಲ, 124. ಬಟ್ಟೆ ಒಣಹಾಕುವ ಹಗ್ಗವನ್ನು ತೀರ ಬಿಗಿಯಾಗಿ, ನೇರವಾಗಿ ಕಟ್ಟಿದರೆ ಒಂದು ಒದ್ದೆ ಜಮಖಾನಕ್ಕೇ ಕಿತ್ತುಬರುತ್ತದಲ್ಲ, ಇಲ್ಲಿ ಆಗುವುದೂ ಅದೇ.

ಇನ್ನೊಂದು ಸ್ವಾರಸ್ಯ ನೋಡಿ. ನಮ್ಮ ಲೆಕ್ಕದಲ್ಲಿ ಎರಡು ಸರಪಳಿಗಳು ಸೇರಿ ಮೇಲಕ್ಕೆ ಎಳೆಯುವುದು ಸುಮಾರು 124 ಕಿ.ಗ್ರಾಂ. ಕೆಳಗೆ ಒತ್ತುವ ಭಾರ 110 ಮಾತ್ರ. ಉಳಿದ 14 ಎಲ್ಲಿ ಹೋಯಿತು? ಅದು ಕೀಲನ್ನು ಮೇಲಕ್ಕೆ ಎತ್ತುತ್ತಿದೆ. ಭಾರವೆಲ್ಲ ಕೀಲನ್ನು ಕೆಳಕ್ಕೆ ತಳ್ಳುತ್ತದೆ ಎಂದು ನಾವು ಭಾವಿಸಿರುತ್ತೇವೆ. ವಾಸ್ತವದಲ್ಲಿ ತುದಿಯಲ್ಲಿ ನಿಂತವನು ಕೀಲಿನ ಪಿನ್ನನ್ನು ಮೇಲಕ್ಕೆ ಕೀಳಲು ನೋಡುತ್ತಿರುತ್ತಾನೆ, ಜೊತೆಗೆ ಸರಪಳಿಯ ಓರೆ ಎಳೆತ ಬಾಗಿಲನ್ನು ಗಾಡಿಯ ಕಡೆಗೆ ಒತ್ತುತ್ತಿರುತ್ತದೆ. ಸವೆದ ಪಿನ್ನು ಇದ್ದರೆ ಬಾಗಿಲು ಕುಣಿಯುವುದು ಇದಕ್ಕೇ.

ಸರಿ, ಪ್ಲೇಟಿನ ಮಾತಿಗೆ ಬರೋಣ. ಗೋಡೆಯಿಂದ ಹೊರಚಾಚಿದ ತೊಲೆಯ ತುದಿಗೆ ಭಾರ ತೂಗುಹಾಕಿದರೆ ಅದು ಯಾವಾಗ ಮುರಿಯುತ್ತದೆ ಎಂಬ ಪ್ರಶ್ನೆಯನ್ನು ಗೆಲಿಲಿಯೋ 1638ರಲ್ಲಿ ಲೇಡನ್ ಪಟ್ಟಣದಲ್ಲಿ ಅಚ್ಚಾದ ತನ್ನ ಕೊನೆಯ ದೊಡ್ಡ ಗ್ರಂಥದಲ್ಲಿ ಎತ್ತಿಕೊಂಡ. ಅವನು ಕೊಟ್ಟ ಸಂಖ್ಯೆ ಸರಿಯಿರಲಿಲ್ಲ. ಅದನ್ನು ಮುಂದಿನವರು ತಿದ್ದಿದರು. ಆದರೆ ತೊಲೆಯ ಬಲ ಅದರ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ಅವನು ಕಂಡುಕೊಂಡದ್ದು ಇಂದಿಗೂ ಸರಿ. ದಪ್ಪ ಎರಡರಷ್ಟಾದರೆ ಮುರಿಯದೆ ತಾಳುವ ಶಕ್ತಿ ನಾಲ್ಕರಷ್ಟು. ಬಾಗದೆ ನಿಲ್ಲುವ ಬಿಗುವು ದಪ್ಪದ ಘನಕ್ಕೆ ಅನುಗುಣ, ಅಂದರೆ ಎಂಟರಷ್ಟು. ನಿಮ್ಮ ಪೆಟ್ಟಿಗೆಯಲ್ಲಿರುವ 30 ಸೆಂ.ಮೀ. ಸ್ಕೇಲನ್ನು ಮೇಜಿನ ಅಂಚಿನಿಂದ ಹೊರಗೆ ಚಾಚಿ ಹಿಡಿದು ಬೆರಳಿನಿಂದ ಒತ್ತಿ. ಮಲಗಿಸಿ ಹಿಡಿದರೆ ಬಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಹಿಡಿದರೆ ಜಪ್ಪಯ್ಯ ಅಂದರೂ ಬಾಗುವುದಿಲ್ಲ. ಸ್ಕೇಲು ಅದೇ, ತೂಕ ಅದೇ. ಬದಲಾದದ್ದು ಭಾರದ ದಿಕ್ಕಿನಲ್ಲಿ ಅದರ ಆಳ ಮಾತ್ರ.

ಕಾರ್ಖಾನೆಯವರು ಹಿಂಬಾಗಿಲಿನ ತಗಡಿಗೆ ಉದ್ದುದ್ದ ಮಡಿಕೆ ಒತ್ತಿರುವುದು ಇದೇ ಕಾರಣಕ್ಕೆ. ಅದು ಅಂದಕ್ಕಾಗಿ ಮಾಡಿದ್ದಲ್ಲ. ನೋಟ್‌ಬುಕ್ಕಿನ ಹಾಳೆಯೊಂದನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟರೆ ಒಂದು ಪೆನ್ಸಿಲನ್ನೂ ಹೊರದು. ಅದೇ ಹಾಳೆಯನ್ನು ಬೀಸಣಿಗೆಯಂತೆ ಮಡಿಸಿ ಇಡಿ, ಹಲವು ಪೆನ್ಸಿಲು ಹೊರುತ್ತದೆ. ತೆಳು ತಗಡು ಮಡಿಕೆಯಿಂದ ಬಲ ಪಡೆದಿದೆ. ಅಮೆರಿಕದ ಪಿಕಪ್‌ಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎರಡು ತಗಡುಗಳ ನಡುವೆ ಟೊಳ್ಳು ಬಿಟ್ಟಿರುತ್ತಾರೆ, ಸರಪಳಿಯ ಬದಲು ಉಕ್ಕಿನ ಕೇಬಲ್ ಇರುತ್ತದೆ. ಫೋರ್ಡ್ ಕಂಪನಿ 2015ರ ಎಫ್-150 ಮಾದರಿಯ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿಯೇ ಮಾಡಿತು. ತೂಕ ಇಳಿದರೂ ಆಕಾರದಿಂದ ಬಲ ಬಂತು.

ಈಗ ವೆಲ್ಡಿಂಗ್ ಅಂಗಡಿಯ ದಪ್ಪ ಪ್ಲೇಟು. ಒಂದೂವರೆ ಮೀಟರ್ ಅಗಲ, 45 ಸೆಂ.ಮೀ. ಎತ್ತರದ 3 ಮಿ.ಮೀ. ಉಕ್ಕಿನ ಪ್ಲೇಟು ಸುಮಾರು 16 ಕಿ.ಗ್ರಾಂ. ತೂಗುತ್ತದೆ. ಬಾಗಿಲು ಗಟ್ಟಿಯಾಯಿತು, ಒಪ್ಪೋಣ. ಆದರೆ ಸರಪಳಿ? ಅದು ಹಳೆಯದೇ. ಸರಪಳಿ ಸಿಕ್ಕಿಸಿದ ಬೋಲ್ಟು? ಹಳೆಯದೇ. ಆ ಬೋಲ್ಟು ಕುಳಿತಿರುವ ಕಂಬದ ತೆಳು ತಗಡು? ಅದೂ ಹಳೆಯದೇ. ಕೀಲಿನ ಪಿನ್ನು ಹೇಳುವುದೇ ಬೇಡ. ಮೂಲೆಗೆ ಕಾಲಿಟ್ಟವನ 175 ಕಿ.ಗ್ರಾಂ. ಎಳೆತ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಅದರ ಮೇಲೆ, ಕ್ಲೀನರ್ ಹುಡುಗ ಬಾಗಿಲನ್ನು ಕೈಬಿಟ್ಟಾಗಲೆಲ್ಲ ಹದಿನಾರು ಕಿಲೋ ಹೆಚ್ಚಿನ ಭಾರ ಬಿದ್ದು ಅದೇ ಸರಪಳಿಗಳನ್ನು ಜಗ್ಗುತ್ತದೆ. ಮೊದಲ ಬಾಗಿಲೂ 16 ಕಿಲೋ ಇದ್ದಿದ್ದರೆ ಈಗ ಜಗ್ಗುವ ಶಕ್ತಿ ಎರಡರಷ್ಟು. ದಿನಕ್ಕೆ ಹತ್ತು ಸಲ ತೆರೆದರೆ ವರ್ಷಕ್ಕೆ ಎಷ್ಟು ಪೆಟ್ಟು ಎಂಬ ಗುಣಾಕಾರವನ್ನು ನಿಮಗೇ ಬಿಡುತ್ತೇನೆ. ಬೆರಳು ಸಿಕ್ಕಿಸಿಕೊಂಡ ಹುಡುಗನ ಪಾಡು ಬೇರೆ.

ವೆಲ್ಡಿಂಗ್ ಕೂಡ ಪುಕ್ಕಟೆ ಬರುವುದಿಲ್ಲ. ಅದರ ಬಿಸಿಗೆ ತೆಳು ತಗಡು ಸೊಟ್ಟಗಾಗುತ್ತದೆ, ಬಣ್ಣ ಸುಟ್ಟುಹೋಗುತ್ತದೆ, ಸತುವಿನ ಲೇಪವಿದ್ದರೆ ಅದೂ ಆವಿಯಾಗುತ್ತದೆ; ಆ ಹೊಗೆ ಕುಡಿದ ವೆಲ್ಡರ್‌ಗೆ ಜ್ವರ ಬರುವುದೂ ಉಂಟು. ಎರಡು ತಗಡುಗಳ ನಡುವಿನ ಸಂದಿಗೆ ಮಳೆನೀರು ಇಳಿದು ನಿಂತರೆ ಒಳಗಿನಿಂದಲೇ ತುಕ್ಕು ಹತ್ತುತ್ತದೆ. ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗಳಲ್ಲಿ ಹೊರಗೆ ಬಣ್ಣ ಚೆನ್ನಾಗಿದ್ದು ಒಳಗೆ ಪುಡಿಪುಡಿಯಾಗಿರುವ ಬಾಗಿಲುಗಳನ್ನು ನೋಡಿದ್ದೇನೆ.

ಹಾಗಾದರೆ ಏನೂ ಮಾಡಬಾರದೇ? ಹಾಗಲ್ಲ. ಬಾಗಿಲು ಮುಚ್ಚಿರುವಾಗಿನ ಕತೆಯನ್ನೂ ನೋಡಬೇಕು. ಮರಳನ್ನು ಬಾಗಿಲಿನ ಎತ್ತರಕ್ಕೆ ಸಮನಾಗಿ ತುಂಬಿದರೆ ಒಣ ಮರಳು ಆ ಒಂದೂವರೆ ಮೀಟರ್ ಬಾಗಿಲನ್ನು ಸುಮಾರು 80 ಕಿ.ಗ್ರಾಂ. ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಹತ್ತು ಮೀಟರ್ ಸಾಗಿದರೆ ಒಂದು ಮೀಟರ್ ಏರುವ ಘಟ್ಟದ ದಾರಿಯಲ್ಲಿ 750 ಕಿ.ಗ್ರಾಂ. ಸರಕು ಸುಮಾರು 75 ಕಿ.ಗ್ರಾಂ. ಬಲದಿಂದ ಹಿಂದೆ ಜಾರಲು ನೋಡುತ್ತದೆ. (2005ರಲ್ಲಿ ಬಂದ, ಜನ ‘ಛೋಟಾ ಹಾಥಿ’ ಎಂದು ಕರೆದ ಟಾಟಾ ಏಸ್ ಹೊರುವಂತೆ ರೂಪಿಸಿದ್ದು ಇಷ್ಟನ್ನೇ.) ಗೋಣಿಚೀಲಗಳಾದರೆ ನೆಲದ ಘರ್ಷಣೆಯೇ ಹಿಡಿದುಕೊಳ್ಳುತ್ತದೆ. ಪೈಪು, ಪೀಪಾಯಿ, ತೆಂಗಿನಕಾಯಿಗಳಾದರೆ ಉರುಳಿ ಬಂದು ಬಾಗಿಲಿಗೆ ಆತುಕೊಳ್ಳುತ್ತವೆ. ಮುಚ್ಚಿದ ಬಾಗಿಲನ್ನು ಕೆಳಗೆ ಕೀಲುಗಳು ಹಿಡಿದಿವೆ, ಮೇಲೆ ಎರಡು ಮೂಲೆಯ ಕೊಂಡಿಗಳು ಮಾತ್ರ. ಮೇಲಂಚಿನ ನಡುಭಾಗಕ್ಕೆ ಯಾರ ಆಸರೆಯೂ ಇಲ್ಲ. ಹಳೆಯ ಗಾಡಿಗಳ ಹಿಂಬಾಗಿಲು ಉಂಡು ತೇಗಿದವರ ಹೊಟ್ಟೆಯಂತೆ ಹೊರಗೆ ಉಬ್ಬಿರುವುದು ಅಲ್ಲಿಯೇ.

ಇಂಥ ಸರಕನ್ನೇ ದಿನವೂ ಸಾಗಿಸುವವರು ಬಾಗಿಲಿಗೆ ಬಲ ಕೊಡುವುದು ಸರಿ. ಆದರೆ ಪೂರ್ತಿ ಪ್ಲೇಟಿನ ಬದಲು ಮೇಲಂಚಿನ ಉದ್ದಕ್ಕೂ 40 ಮಿ.ಮೀ.ನ ಒಂದು ಕಬ್ಬಿಣದ ಆ್ಯಂಗಲ್ ಸಾಕು. 5 ಮಿ.ಮೀ. ದಪ್ಪದ್ದು ಮೀಟರಿಗೆ 3 ಕಿಲೋ, ಒಟ್ಟು ನಾಲ್ಕೂವರೆ ಕಿಲೋ. ಅಂಚಿನ ಮೇಲೆ ನಿಲ್ಲಿಸಿದ ಸ್ಕೇಲಿನ ತತ್ತ್ವವೇ ಇಲ್ಲಿ ಕೆಲಸ ಮಾಡುತ್ತದೆ. ಅದನ್ನು ವೆಲ್ಡ್ ಮಾಡದೆ ಬೋಲ್ಟ್ ಹಾಕಿ, ತಗಡಿನ ಹಿಂದೆ ಅಗಲ ವಾಷರ್ ಕೊಟ್ಟು ಕೂರಿಸುವುದು ಲೇಸು. ಅದಕ್ಕೂ ಮೊದಲು ಸರಪಳಿ, ಬೋಲ್ಟು, ಪಿನ್ನು, ಕೊಂಡಿ ಈ ನಾಲ್ಕನ್ನು ಸರಿಮಾಡಿಸಬೇಕು. ನನ್ನನ್ನು ಕೇಳಿದರೆ, ಹತ್ತು ಮಾಲೀಕರಲ್ಲಿ ಎಂಟು ಮಂದಿಗೆ ಈ ನಾಲ್ಕು ಸಾಕು, ಆ್ಯಂಗಲ್ಲೂ ಬೇಡ. 180 ಕಿ.ಗ್ರಾಂ. ದಾಟುವ ತುಂಬಿದ ಡೀಸೆಲ್ ಪೀಪಾಯಿ ಇಳಿಸುವಾಗ ಅಥವಾ ಮೋಟಾರ್ ಬೈಕ್ ಏರಿಸುವಾಗ ತೆರೆದ ಬಾಗಿಲಿನ ಅಂಚಿನ ಕೆಳಗೆ ಒಂದು ಮರದ ಊರುಗೋಲು ಕೊಟ್ಟರೆ ಸರಪಳಿಗೆ ಬಹುಪಾಲು ಬಿಡುವು ಸಿಗುತ್ತದೆ. ಏರುಹಲಗೆ ಇದ್ದರೆ ಅದರ ತುದಿ ಬಾಗಿಲಿನ ಅಂಚಿನ ಮೇಲಲ್ಲ, ಗಾಡಿಯ ನೆಲದ ಮೇಲೆ ಕೂರಬೇಕು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಕ್ಕೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಬಾಗಿಲು ತೆರೆದಿಟ್ಟು ಕಂಬಿ, ಬಿದಿರು ಹೊರಚಾಚಿಸಿ ಓಡಿಸುವುದಂತೂ ಹಿಂದೆ ಬರುವ ಸ್ಕೂಟರ್ ಸವಾರನ ಜೀವಕ್ಕೇ ಸಂಚಕಾರ; 2019ರ ತಿದ್ದುಪಡಿಯಲ್ಲಿ ಮಿತಿ ಮೀರಿ ಚಾಚಿದ ಸರಕಿಗೆ 20,000 ರೂಪಾಯಿ ದಂಡ ಇಟ್ಟಿದ್ದಾರೆ.

ನಿಮ್ಮ ಬೀದಿಯಲ್ಲಿ ಪಿಕಪ್ ಇದ್ದರೆ ಮಾಲೀಕರ ಒಪ್ಪಿಗೆ ಪಡೆದು ಒಂದು ಟೇಪು ಹಿಡಿದು ಹೋಗಿ. ಸರಪಳಿಯ ಎರಡೂ ತುದಿಗಳು ಕೀಲಿನಿಂದ ಎಷ್ಟು ದೂರ ಎಂದು ಅಳೆದು, ಮೇಲಿನ ಲೆಕ್ಕವನ್ನು ಆ ಗಾಡಿಗೆ ಮಾಡಿ. ಆಮೇಲೆ ಸರಪಳಿಯ ಬೋಲ್ಟು ಕುಳಿತಿರುವ ರಂಧ್ರವನ್ನು ಹತ್ತಿರದಿಂದ ನೋಡಿ. ಗುಂಡಗಿದ್ದರೆ ಸರಿ. ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಸುತ್ತಲ ಬಣ್ಣ ಸಿಡಿದು ಕೆಂಪು ತುಕ್ಕು ಕಾಣಿಸಿದ್ದರೆ, ಸಂಜೆಯ ಲೋಡು ತುಂಬುವ ಮೊದಲೇ ಅವರಿಗೆ ತೋರಿಸಿ.