ಒಂದೂವರೆ ನಿಮಿಷದ ವಿಮಾನಯಾನ

ಸ್ಕಾಟ್‌ಲೆಂಡಿನ ಉತ್ತರ ತುದಿಯಾಚೆ, ಸಮುದ್ರದಲ್ಲಿ ಚದುರಿದಂತಿರುವ ದ್ವೀಪಗಳ ಗುಂಪು ಆರ್ಕ್ನಿ. ಅದರ ಉತ್ತರದಂಚಿನಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಅಕ್ಕಪಕ್ಕದ ದ್ವೀಪಗಳಿವೆ. ಎರಡರಲ್ಲೂ ಪುಟ್ಟ ವಿಮಾನ ನಿಲ್ದಾಣಗಳು. ನಡುವಿನ ದೂರ ಸುಮಾರು 2.7 ಕಿಲೋಮೀಟರ್. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಒಂದು ರನ್‌ವೇ 4 ಕಿಲೋಮೀಟರ್ ಉದ್ದವಿದೆ; ಈ ಇಡೀ ಪ್ರಯಾಣ ಅದರೊಳಗೇ ಮುಗಿದುಹೋಗುತ್ತದೆ.

ವೇಳಾಪಟ್ಟಿಯ ಪ್ರಕಾರ ನಿತ್ಯ ಹಾರುವ ವಿಮಾನಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕ ಯಾನ ಇದು. ಲೋಗನ್‌ಏರ್ ಸಂಸ್ಥೆ 1967ರಿಂದ ನಡೆಸುತ್ತಿದೆ. ಹಾರಾಟಕ್ಕೆ ಹಿಡಿಯುವುದು ಸುಮಾರು ಒಂದೂವರೆ ನಿಮಿಷ. ಗಾಳಿ ಅನುಕೂಲವಾಗಿದ್ದ ದಿನ 53 ಸೆಕೆಂಡಿನಲ್ಲಿ ಮುಟ್ಟಿದ ದಾಖಲೆಯೂ ಇದೆ.

ದೂರವನ್ನು ವೇಗದಿಂದ ಭಾಗಿಸಿದರೆ ಹಾರಾಟದ ಸಮಯ ಸಿಗುತ್ತದೆಂದು ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಹಾರುವ ಬ್ರಿಟನ್-ನಾರ್ಮನ್ ಐಲ್ಯಾಂಡರ್ ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದ ವಿಮಾನ. ಆ ಲೆಕ್ಕದಲ್ಲಿ ನಲವತ್ತು ಸೆಕೆಂಡು ಸಾಕು. ಆದರೆ ವಿಮಾನ ನೆಲ ಬಿಟ್ಟು ಏರುವಷ್ಟರಲ್ಲಿ ಇಳಿಯುವ ಸಿದ್ಧತೆ ಶುರುವಾಗಿರುತ್ತದೆ, ಪೂರ್ತಿ ವೇಗ ಹಿಡಿಯಲು ವ್ಯವಧಾನವೇ ಇಲ್ಲ. ಏರುವುದೂ ಇಳಿಯುವುದೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಆಗಬೇಕು. ಹೊರಟ ದಿಕ್ಕು ಬೇರೆ, ಹೋಗಬೇಕಾದ ದಿಕ್ಕು ಬೇರೆಯಾದರೆ ತಿರುವು ಹಾಕಿಕೊಂಡು ಬರಬೇಕು. ಆರ್ಕ್ನಿಯಲ್ಲಿ ಗಾಳಿಗೆ ಬರವಿಲ್ಲ. ಹಾಗಾಗಿ ಇವತ್ತಿನ ಸಮಯ ನಾಳೆಗಿಲ್ಲ.

ಎಂಟು ಪ್ರಯಾಣಿಕರ, ಎರಡು ಎಂಜಿನ್ನಿನ ವಿಮಾನ ಅದು. ನಡುವೆ ಓಡಾಡುವ ದಾರಿಯಿಲ್ಲ. ಪಕ್ಕದ ಬಾಗಿಲುಗಳಿಂದ ನೇರ ಸೀಟಿಗೇ ಹತ್ತಬೇಕು. ಪೈಲಟ್ ಪಕ್ಕದ ಸೀಟೂ ಪ್ರಯಾಣಿಕರಿಗೆ ಸಿಗುವುದುಂಟು. ಗಿಡ್ಡ ರನ್‌ವೇಯಿಂದಲೇ ಮೇಲೇಳಬಲ್ಲದ್ದರಿಂದ ಇಂಥ ದ್ವೀಪಗಳಿಗೆ ಇದು ಹೇಳಿ ಮಾಡಿಸಿದಂತಿದೆ.

ದಾಖಲೆಯ ಮೋಹಕ್ಕೆ ಬರುವ ಪ್ರವಾಸಿಗರಿಗೆ ಪ್ರಮಾಣಪತ್ರವೂ ಸಿಗುತ್ತದೆ. ಆದರೆ ಈ ವಿಮಾನ ಇರುವುದು ಅವರಿಗಾಗಿ ಅಲ್ಲ, ದ್ವೀಪದಲ್ಲಿ ಬದುಕುವವರಿಗಾಗಿ. ಪಾಪಾ ವೆಸ್ಟ್ರೇಯಲ್ಲಿ ಮನುಷ್ಯವಾಸ ಬಹಳ ಹಳೆಯದು. ಅಲ್ಲಿನ ನ್ಯಾಪ್ ಆಫ್ ಹೋವರ್ ಎಂಬ ಕಲ್ಲುಮನೆಗೆ ಐದು ಸಾವಿರ ವರ್ಷ ಮೀರಿದ ವಯಸ್ಸು. ಇಂದು ಅಲ್ಲಿರುವವರು ನೂರಕ್ಕಿಂತ ಕಡಿಮೆ. ಅವರಿಗೆ ಪಾಠ ಹೇಳುವ ಶಿಕ್ಷಕರು, ನೋಡಬರುವ ವೈದ್ಯರು, ಜಿಲ್ಲಾ ಕೇಂದ್ರದಂತಿರುವ ಕರ್ಕ್‌ವಾಲ್‌ಗೆ ಹೋಗಬೇಕಾದ ರೋಗಿಗಳು, ಎಲ್ಲರೂ ಈ ವಿಮಾನ ಹತ್ತುತ್ತಾರೆ. ದೋಣಿಯೂ ಇದೆ, ಆದರೆ ಸಮುದ್ರ ಕೆರಳಿದರೆ ಅದನ್ನು ನಂಬಿ ಕೂರುವಂತಿಲ್ಲ. ಕರ್ಕ್‌ವಾಲ್‌ನಿಂದ ಹೊರಟು ಎರಡೂ ದ್ವೀಪ ಮುಟ್ಟಿ ಮರಳುವ ವಿಮಾನದ ಒಂದು ತುಣುಕು ಮಾತ್ರ ಆ ಒಂದೂವರೆ ನಿಮಿಷ. ಟಿಕೆಟ್ ಹಣದಿಂದಷ್ಟೇ ಇದು ನಡೆಯುವುದಿಲ್ಲ. ಸಾರ್ವಜನಿಕ ಸೇವೆಯೆಂದು ಅಲ್ಲಿನ ಸ್ಥಳೀಯ ಆಡಳಿತ ನೆರವು ಕೊಟ್ಟು ಉಳಿಸಿಕೊಂಡಿದೆ.

ಸಣ್ಣ ಊರುಗಳಿಗೂ ವಿಮಾನ ಹಾರಲೆಂದು ಸರ್ಕಾರ ನೆರವು ಕೊಡುವ ಉಡಾನ್ ಯೋಜನೆ ನಮ್ಮಲ್ಲೂ ಇದೆ. ಅದರಡಿ 2020ರಲ್ಲಿ ಬೀದರ್‌ನಿಂದ ಬೆಂಗಳೂರಿಗೆ ವಿಮಾನ ಶುರುವಾಯಿತು, ನಡುವೆ ನಿಂತಿತು, 2025ರಲ್ಲಿ ಮತ್ತೆ ಹಾರಿತು. ಉಡಾನ್ ನೆರವಿಗೆ ಸಾಮಾನ್ಯವಾಗಿ ಮೂರು ವರ್ಷದ ಮಿತಿ. ಬೀದರ್ ದ್ವೀಪವಲ್ಲ, ರೈಲು-ರಸ್ತೆ ಇವೆ ಎನ್ನುವುದು ನಿಜ. ಆದರೂ ದೂರದ ಊರಿನವರು ವಿಮಾನವನ್ನು ನಂಬಿ ಬದುಕು ರೂಪಿಸಿಕೊಳ್ಳಲು ಮೂರು ವರ್ಷ ಸಾಲದು. ನೆರವು ನಿಲ್ಲಿಸುವ ಮುನ್ನ ಸೀಟು ಎಷ್ಟು ತುಂಬಿತೆಂದಷ್ಟೇ ನೋಡದೆ, ಆ ಸೀಟಿನಲ್ಲಿ ಯಾರು, ಏತಕ್ಕೆ ಹೋದರೆಂದೂ ಸರ್ಕಾರ ಕೇಳಬೇಕು.